ಮೂರನೆಯ ಚೌಕದ ಚುಕ್ಕಿ

ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ನನ್ನ ತೋರುಬೆರಳು ಒಂದು ನಕ್ಷತ್ರವನ್ನು ಕಸದ ಬುಟ್ಟಿಗೆ ಎಸೆಯಿತು. ತಪ್ಪನ್ನು ಬೆರಳಿನ ಮೇಲೆ ಹೊರಿಸುತ್ತಿದ್ದೇನೆ ಎಂಬುದು ಗೊತ್ತು. ಆದರೆ ಪೂರ್ತಿ ಮನುಷ್ಯನೇ ಹೊಣೆ ಹೊರುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಈಗ ಆಕಾಶ ಕಾಯುವ ಕೆಲಸ ಮನುಷ್ಯರದ್ದಲ್ಲ. ಎಲ್ಲೋ ಬೆಟ್ಟದ ಮೇಲಿನ ಕ್ಯಾಮೆರಾ ತಾನಾಗಿ ಚಿತ್ರ ತೆಗೆಯುತ್ತದೆ, ಕಂಪ್ಯೂಟರು ಹೊಸ ಚಿತ್ರದಿಂದ ಹಳೆಯದನ್ನು ಕಳೆಯುತ್ತದೆ. ಫಲಿತಾಂಶ ನನ್ನಂಥ ಸ್ವಯಂಸೇವಕರ ಮನೆಗೆ ಮೂರು ಚೌಕಗಳಾಗಿ ಬರುತ್ತದೆ: ಹಳೆಯ ಆಕಾಶ, ಹೊಸ ಆಕಾಶ, ಎರಡರ ವ್ಯತ್ಯಾಸ. ಮೂರನೆಯ ಚೌಕದಲ್ಲಿ ಉಳಿದ ಚುಕ್ಕಿಯನ್ನು ನೋಡಿ ‘ನಿಜ’ ಅಥವಾ ‘ದೋಷ’ ಎಂದು ಒತ್ತಬೇಕು. ನನಗೆ ಬೇಕಾಗಿದ್ದದ್ದು ಒಂದೇ ಒಂದು ನೋವಾ. ಯಾರ ಕಣ್ಣಿಗೂ ಬೀಳದೆ ಮಂಕಾಗಿದ್ದ ನಕ್ಷತ್ರ ಇದ್ದಕ್ಕಿದ್ದಂತೆ ಹೊತ್ತಿಕೊಂಡು ಬೆಳಗುತ್ತದಲ್ಲ, ಅದನ್ನು ಭೂಮಿಯ ಮೇಲೆ ಮೊದಲು ಗುರುತಿಸಿದವನು ನಾನಾಗಬೇಕು. ಮೂರು ವರ್ಷ ಹಂಬಲಿಸಿ ನಾನು ಕಂಡದ್ದು ವಿಮಾನಗಳು, ಉಪಗ್ರಹಗಳು, ಒಮ್ಮೆ ಲೆನ್ಸಿನ ಮೇಲೆ ಕುಳಿತ ಹುಳ.

ಆವತ್ತು ಬಂದ ಚುಕ್ಕಿ ದುಂಡಗೆ, ದಪ್ಪಗೆ, ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ನನ್ನ ನೋವಾ ಸಂಕೋಚದಿಂದ ಬರುತ್ತದೆ ಎಂದು ಅದೇಕೋ ನಂಬಿದ್ದೆ. ಇಷ್ಟು ಧಾರಾಳವಾಗಿ ಹೊಳೆಯುವುದು ಕ್ಯಾಮೆರಾದ ತಪ್ಪೇ ಇರಬೇಕೆಂದು ‘ದೋಷ’ ಒತ್ತಿ, ಮೆಹದಿಪಟ್ಟಣಂನಲ್ಲಿ ಕೋಠಿ ಪೇಟೆಯ ಬಸ್ಸು ಹತ್ತಿದೆ, ಔಷಧಿ ತರಲು. ಅರ್ಧ ದಾರಿಯಲ್ಲಿ ನೆನಪಾಯಿತು: ಆ ರಾತ್ರಿ ಅರ್ಧ ಗಂಟೆಯ ಅಂತರದಲ್ಲಿ ತೆಗೆದ ಎರಡು ಹೊಸ ಚಿತ್ರಗಳಲ್ಲೂ ಅದು ಅದೇ ಜಾಗದಲ್ಲಿತ್ತು. ವಿಮಾನವಾದರೆ ನಿಲ್ಲುತ್ತದೆಯೇ? ಹುಳವಾದರೂ ಅಷ್ಟು ಹೊತ್ತು ಕೂರದು. ಇಬ್ಬರು ‘ದೋಷ’ ಎಂದರೆ ಚುಕ್ಕಿ ಪಟ್ಟಿಯಿಂದಲೇ ಅಳಿಸಿಹೋಗುತ್ತದೆ. ಅಲ್ಲೇ ಇಳಿದು, ಆಟೋಗಳ ಗದ್ದಲದಲ್ಲಿ ನಮ್ಮ ಸ್ವಯಂಸೇವಕರ ಗುಂಪಿನ ಸಂಚಾಲಕಿಗೆ ಫೋನು ಮಾಡಿದೆ.

“ಗಾಬರಿಯಾಗಬೇಡಿ ಸರ್, ಇನ್ನೊಬ್ಬರು ‘ನಿಜ’ ಅಂದಿದ್ದಾರೆ. ನೋವಾನೇ ಅದು,” ಎಂದಳು ಆಕೆ.

ನಕ್ಷತ್ರ ಉಳಿಯಿತು. ನನ್ನ ಸರದಿ ಹೋಯಿತು.

ಮನೆಯಲ್ಲಿ ಸರೋಜಾ, ಅಂದರೆ ನನ್ನ ಹೆಂಡತಿ, ಪೂರ್ತಿ ಕೇಳಿಸಿಕೊಂಡಳು. “ನಮ್ಮ ಮದುವಿ ಮಾತುಕತಿಯಾಗೂ ನೀವು ಹಿಂಗ ಮಾಡಿದ್ರಿ. ಹುಡುಗಿ ಭಾಳ ಚಂದ ಅದಾಳ, ಏನರ ಕೊರತಿ ಇರಬೇಕು ಅಂತ ಎರಡು ತಿಂಗಳು ಕಾಯಿಸಿದ್ರಿ. ಔಷಧಿ ಎಲ್ಲೈತಿ?”

ಔಷಧಿ ತಂದಿರಲಿಲ್ಲ. ಆಮೇಲೆ ರಾತ್ರಿಗಳು ಕೆಟ್ಟವು. ಆ ನಿಮಿಷ ಮತ್ತೆ ಮತ್ತೆ ಬರುತ್ತಿತ್ತು. ನಿದ್ದೆಗಣ್ಣಿನಲ್ಲಿ ‘ನಿಜ’ ಒತ್ತಲು ಹುಡುಕುತ್ತಿದ್ದೆನಂತೆ. “ಎಷ್ಟು ಸಲ ನನ್ನ ಮೊಣಕೈ ಒತ್ತಾಕತ್ತೀರಿ? ನಾನು ನಿಜಾನ ಅದೀನ್ರಿ, ಮಲಕೋರಿ,” ಎನ್ನುತ್ತಿದ್ದಳು. ಹೀಗೆ ಇಬ್ಬರ ನಿದ್ದೆಯೂ ಹಾಳು.

ಕಡೆಗೆ ಗುರುವಾರ ಸಂಜೆ ಅವಳೇ ಬೈನಾಕ್ಯುಲರ್ ಹಿಡಿದು ನನ್ನನ್ನು ತಾರಸಿಗೆ ಕರೆದೊಯ್ದಳು. ಗಚ್ಚಿಬೌಲಿಯ ಕಡೆಯ ಆಕಾಶ ಅಲ್ಲಿನ ಕಚೇರಿ ಕಟ್ಟಡಗಳ ದೀಪಗಳಿಂದ ಹಾಲು ಚೆಲ್ಲಿದಂತಿತ್ತು. ನಾನು ದಿಕ್ಕು ಹೇಳಿದೆ, ಅವಳು ಹುಡುಕಿದಳು.

“ಐತಿ ನೋಡ್ರಿ. ಆ ಕೆಂಪು ಚುಕ್ಕಿ ಬಾಜೂಕ. ಪಾಪ, ಒಂದೇ ಕುಂತೈತಿ.” ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಕೊಟ್ಟಳು. ನಾನು ಕಣ್ಣು ನೀರಾಗುವ ತನಕ ನೋಡಿದೆ. ಬೆಳಕಿನ ಮಬ್ಬು ಬಿಟ್ಟರೆ ಏನೂ ಕಾಣಲಿಲ್ಲ.

“ಕಂಡ್ತೋ ಇಲ್ಲೋ?”

“ಕಂಡಿತು,” ಎಂದೆ.

ಆ ರಾತ್ರಿ ಇಬ್ಬರೂ ಬೆಳಗಿನವರೆಗೆ ಮಲಗಿದೆವು. ಕಂಡದ್ದನ್ನು ಇಲ್ಲವೆಂದು ಒತ್ತಿ ವಾರವಿಡೀ ಒದ್ದಾಡಿದ ಮನುಷ್ಯ, ಕಾಣದ್ದನ್ನು ಕಂಡೆ ಎಂದು ಹೇಳಿ ಗೊರಕೆ ಹೊಡೆದನಂತೆ.