ನೂರಕ್ಕೆ ಹದಿನೇಳು

ಇಡೀ ಶಿರಸಿಯಲ್ಲಿ, ಬೇಕಾದರೆ ಸಿದ್ದಾಪುರ ಯಲ್ಲಾಪುರಗಳನ್ನೂ ಸೇರಿಸಿಕೊಳ್ಳಿ, ಕ್ಯೂಬಿಸಂ ಚಿತ್ರಗಳ ಏಕಮೇವಾದ್ವಿತೀಯ ಸಂಗ್ರಾಹಕ ನಾನೇ ಆಗಬೇಕೆಂದು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟೆ!

ಎಲ್ಲ ಶುರುವಾದದ್ದು ಮೊಬೈಲಿನಲ್ಲಿ ಕಂಡ ಒಂದು ಚಿತ್ರದಿಂದ. ಮ್ಯಾಂಡೊಲಿನ್ ಹಿಡಿದ ಹೆಂಗಸು. ಮೂಗು ಒಂದು ಕಡೆ, ಕಣ್ಣು ಇನ್ನೊಂದು ಕಡೆ, ವಾದ್ಯ ಚೂರುಚೂರು. ಆದರೂ ಆಕೆ ನನ್ನನ್ನೇ ನೋಡುತ್ತಿದ್ದಳು! ಪ್ಯಾರಿಸ್ಸಿನ ಹಳೆಯ ಚಿತ್ರಕಾರನೊಬ್ಬ ನೂರೇ ನೂರು ಪ್ರತಿ ಅಚ್ಚು ಹಾಕಿ, ಪ್ರತಿಯೊಂದರ ಕೆಳಗೂ ಪೆನ್ಸಿಲ್ಲಿನಲ್ಲಿ ಸಂಖ್ಯೆ ಬರೆದು ಸಹಿ ಮಾಡಿದ್ದನಂತೆ. ಆನ್‌ಲೈನ್ ಹರಾಜಿಗೆ ಬಂದಾಗಲೆಲ್ಲ ಆಕೆ ಇನ್ಯಾರದೋ ಪಾಲಾಗುತ್ತಿದ್ದಳು. ನನಗೆ ಊಟ ಸೇರುತ್ತಿರಲಿಲ್ಲ. ಅವಳಿಲ್ಲದ ಗೋಡೆಗೆ ಒರಗಿ ಕೂತು ಮೊಬೈಲಿನಲ್ಲಿ ಅವಳನ್ನೇ ನೋಡುತ್ತಿದ್ದೆ.

ನನ್ನ ಹೆಂಡತಿ ಕಾವ್ಯಶ್ರೀ ಶಾಲೆಯಲ್ಲಿ ಟೀಚರ್. ಒಂದು ದಿನ ಅಂದೇಬಿಟ್ಟಳು.

"ಹೆಣ್ಣು ನೋಡಕ್ಕೆ ಬಂದಾಗ ಎನ್ನನ್ನೇ ಇಷ್ಟು ಹೊತ್ತು ನೋಡಿದ್ದಿಲ್ಲೆ ನಿಂಗ!"

"ಇದು ಕಲೆ. ನಿಂಗೆ ಅರ್ಥ ಆಗ್ತಿಲ್ಲೆ."

"ಕಲೆ ಎಂಗೆ ಗೊತ್ತಿಲ್ಯಾ? ನಿಂಗಳ ಅಂಗಿ ಮೇಲಿಂದು ದಿನಾ ತೊಳೀತಿ!"

ಕೊನೆಗೊಮ್ಮೆ ಹರಾಜು ನನಗೇ ಒಲಿಯಿತು. ಚಿತ್ರ ಮನೆಗೆ ಬಂತು. ಕೆಳಗೆ ಪೆನ್ಸಿಲ್ಲಿನಲ್ಲಿ 17/100, ಪಕ್ಕದಲ್ಲಿ ಆ ಮಹಾನುಭಾವನ ಸಹಿ! ಕಣ್ಣು ತುಂಬಿ ಬಂತು. ಮೇಜಿನ ಮೇಲೆ ಮಲಗಿಸಿ, ಅಳತೆ ಬರೆದುಕೊಂಡು ಫ್ರೇಮಿನಂಗಡಿಗೆ ಓಡಿದೆ.

ತಿರುಗಿ ಬಂದು ನೋಡುತ್ತೇನೆ, 17/100 ಮಾಯ! ಆ ಜಾಗದಲ್ಲಿ ಕೆಂಪು ಶಾಯಿಯಲ್ಲಿ 35/100. ಸುತ್ತ ಒಂದಿಷ್ಟು ರಬ್ಬರಿನ ಪುಡಿ.

"ಇದೆಂತದೇ ಮಾರಾಯ್ತೀ!"

"ಸಂಜೆ ತಂಗಿ ಭೂಮಿಕಾ ಬತ್ತು. ಅದರ ಎದುರಿಗೆ ನಮ್ಮನೆ ಚಿತ್ರ ಫೇಲಾದ್ರೆ ಮರ್ಯಾದೆ ಎಂತಾಗ್ತು? ಆ ಮೂಗಿಗೆ ಹದಿನೇಳೂ ಜಾಸ್ತಿಯೇ. ಆದ್ರೂ ನಿಂಗ ಅಷ್ಟು ಆಸೆಪಟ್ಟು ತಂದಿದ್ದು ಹೇಳಿ ಗ್ರೇಸ್ ಮಾರ್ಕ್ಸ್ ಹಾಕಿ ಪಾಸ್ ಮಾಡ್ದಿ."

"ಸಹಿ? ಸಹಿ ಎಲ್ಲೋತು?"

"ಮಾರ್ಕ್ಸ್ ತಿದ್ದಿದವು ಸಹಿ ಮಾಡದು ಬ್ಯಾಡ್ದಾ? ಹಳೇದು ಓದಕ್ಕೂ ಬತ್ತಿತ್ತಿಲ್ಲೆ. ಅಳಿಸಿ ಎಂದೇ ಹಾಕ್ದಿ."

ನೋಡಿದೆ. ಪ್ಯಾರಿಸ್ಸಿನ ಮಹಾನುಭಾವನ ಜಾಗದಲ್ಲಿ ದುಂಡಗಿನ ಅಕ್ಷರಗಳಲ್ಲಿ 'ಕಾವ್ಯಶ್ರೀ ಹೆಗಡೆ'! ಸಹಿ ಹೋದ ಮೇಲೆ ಸಹಿಸುವುದೊಂದೇ ಉಳಿಯಿತು. ಆದರೂ ಕುರ್ಚಿಯಲ್ಲಿ ಕುಸಿದು ಗೋಳಾಡಿದೆ.

"ಅದು ಮಾರ್ಕ್ಸ್ ಅಲ್ದೇ! ಹದಿನೇಳನೇ ಪ್ರತಿ ಹೇಳಿ! ಇಡೀ ಲೋಕದಲ್ಲಿ ಇಂಥದ್ದು ನೂರೇ ನೂರು ಇದ್ದು!"

ಕಾವ್ಯಶ್ರೀಯ ಮುಖ ಸಣ್ಣದಾಯಿತು. ಚಿತ್ರದ ಹೆಂಗಸನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

"ಅದು ನೂರು ಇದ್ದಡ. ಆನು ಒಂದೇ ಇದ್ದಿ. ಸಹಿ ಬೇರೆ ಮಾಡಿ ಕೊಟ್ಟಿದ್ದಿ. ಗೋಡೆಗೆ ಹಾಕ್ತ್ರಾ, ಇಲ್ಯಾ?"

ನಾನು ತೆಪ್ಪಗೆ ಎದ್ದು ಮೊಳೆ ಹುಡುಕಲು ಹೋದೆ.