ಹನಿ ಮೂರು

ಇಂಥವೆಲ್ಲ ನನಗೇ ಯಾಕೆ ಆಗ್ತವೋ ನಾ ಕಾಣೆ. ಮದುವೆಯಾದವರು ಮನೆ ಸೇರುತ್ತಾರೆ, ನಾನು ಸಮುದ್ರ ದಾಟಬೇಕಾಯಿತು. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಸೀಮೆಗೂ ಸೇರಿ, ಹೊಸ ಹೆಂಡತಿಯನ್ನು ಪರದೇಶಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಸ್ವಾಮಿಗಳ ಕೈಯಿಂದ ತೀರ್ಥ ತಗೊಂಡು ಬಂದ ಮೊದಲನೇ ಗಂಡಸು ನಾನು. ಸಿಂಹಳ ದ್ವೀಪ ಕಣ್ರಪ್ಪ. ಇಲ್ಲ ಅನ್ನಬಲ್ಲವರು ಮೂವರೇ ಇದ್ದರು. ಹೆಂಡತಿಯ ಅಜ್ಜಿ ಮಣ್ಣು ಸೇರಿದಳು. ನಮ್ಮನ್ನು ದಾಟಿಸಿದ ತೆಪ್ಪದವನು ಆಗಲೇ ಮುದುಕ. ನನ್ನವಳು ಹೋದ ಕಾರ್ತೀಕದಲ್ಲಿ ಹೋದಳು. ಇನ್ನು ನಾನು ಹೇಳಿದ್ದೇ ಮಾತು.

ಕುಂತೂರು ಫ್ಯಾಕ್ಟರಿ ಹತ್ತಿರದ ಟೀ ಅಂಗಡಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಾಗ ಇದನ್ನು ಹೇಳುತ್ತಿರುತ್ತೇನೆ. ಮೊನ್ನೆ ಹೇಳುವಾಗ ಮಾರ್ಟಳ್ಳಿ ಕಡೆಯ ಮೇಸ್ತ್ರಿಯೊಬ್ಬ, ಕಬ್ಬು ಕಡಿಯುವ ಆಳುಗಳನ್ನು ಕರೆತಂದವನು, ಬಂದು ಕೂತ. ಅವನಿಗೋಸ್ಕರ ಮೊದಲಿಂದ ಶುರು ಮಾಡಿದೆ.

೧. ಅಜ್ಜಿಯ ಕಿವಿ

ಕೊಳ್ಳೇಗಾಲವನ್ನು ಮದರಾಸಿನಿಂದ ಬಿಡಿಸಿ ಮೈಸೂರಿಗೆ ಸೇರಿಸಿದರಲ್ಲ, ಅದರ ಮಾರನೇ ಬೇಸಿಗೆ ನನ್ನ ಮದುವೆ. ನಾನು ಯಳಂದೂರು ಕಡೆಯವನು, ರೇಷ್ಮೆ ಗೂಡಿನ ಗಾಡಿ ಹೊಡೆಯುತ್ತಿದ್ದೆ. ಹುಡುಗಿ ಕೊಳ್ಳೇಗಾಲದವಳು. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ್ದು ಅಜ್ಜಿ. ಆ ಅಜ್ಜಿ ಒಬ್ಬ ಸಾಹುಕಾರರ ಮನೆಯಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದಳು.

ಸಾಹುಕಾರರ ಮಗ ಮದುವೆಯಾಗಿ ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ, ಎಲ್ಲಿಗೆ ಅಂತ ಅಜ್ಜಿ ವಿಚಾರಿಸಿದಳಂತೆ. ಹನಿಮೂನಿಗೆ, ಹೊರದೇಶಕ್ಕೆ ಅಂದರು. ಅಜ್ಜಿಯ ಕಿವಿಗೆ ಅದು ‘ಹನಿ ಮೂರು’ ಅಂತ ಬಿತ್ತು. ಉಳಿದದ್ದನ್ನು ಅವಳೇ ಬಿಡಿಸಿಕೊಂಡಳು. ದೊಡ್ಡ ಮನೆಯವರು ಮದುವೆಯಾದ ಕೂಡಲೇ ನೀರು ದಾಟಿ ಪರದೇಶಕ್ಕೆ ಹೋಗ್ತಾರೆ, ಅಲ್ಲಿನ ಸ್ವಾಮಿಗಳ ಕೈಯಿಂದ ಮೂರು ಹನಿ ತೀರ್ಥ ತಗೋತಾರೆ, ಅದಕ್ಕೇ ಅವರ ಸಂಸಾರ ತಣ್ಣಗಿರ್ತದೆ.

ಧಾರೆ ಮುಗಿದು ಹುಡುಗಿಯನ್ನು ಗಾಡಿ ಹತ್ತಿಸುವ ಹೊತ್ತಿಗೆ ಅಜ್ಜಿ ಎತ್ತಿನ ಮುಂದೆ ಅಡ್ಡ ನಿಂತಳು.

“ಅನಿ ಮೂರು ಆಗ್ದೆ ನಮ್ ಮಗಳು ನಿನ್ ವಸ್ಲು ತುಳಿಯಾಕಿಲ್ಲ ಕಣಪ್ಪ. ಆಗ್ಲಿಲ್ವಾ, ನನ್ ತಾವೇ ಇರ್ತಾಳೆ.”

ಎರಡು ಕಡೆಯ ಹಿರಿಯರೂ ಹೇಳಿ ಸೋತರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು, ಇನ್ನೂ ಅವಳ ದನಿಯೇ ನಾನು ಕೇಳಿರಲಿಲ್ಲ. ಆದರೂ ಖಾಲಿ ಗಾಡಿ ಹೊಡೆದುಕೊಂಡು ಊರಿಗೆ ಹೋಗುವುದು ನನ್ನಿಂದಾಗದು ಅನ್ನಿಸಿತು. ಹತ್ತಿರದ ಪರದೇಶ ಯಾವುದು ಅಂತ ಕೇಳಿದೆ. ಸಿಂಹಳ ದ್ವೀಪ, ಹನೂರಿನಾಚೆ ಕಾಡು ಇಳಿದು ನೀರು ದಾಟಿದರೆ ಸಿಗ್ತದೆ ಅಂದರು ಯಾರೋ.

ನಮ್ಮಪ್ಪ ಹಣೆ ಚಚ್ಚಿಕೊಂಡು, ನೀನು ಪರದೇಶಕ್ಕೆ ಯಾಕೆ ಹೋಗಬೇಕು, ಇಲ್ಲೇ ಪರದೇಸಿ ಆದೆಯಲ್ಲ ಅಂದ.

೨. ಬೆಚ್ಚಗಿನ ತೀರ್ಥ

ಹನೂರಿನಲ್ಲಿ ಗಾಡಿ ಬಿಟ್ಟು, ಮಾರ್ಟಳ್ಳಿ ದಾಟಿ ಕಾಡಿನ ಕಾಲುದಾರಿ ಹಿಡಿದೆವು. ಹನೂರಿನಾಚೆ ಸಮುದ್ರ ಎಲ್ಲಿತ್ತು ತಾತ ಅಂತ ಇಲ್ಲಿ ಯಾರಾದರೊಬ್ಬರು ಕೇಳೇ ಕೇಳ್ತಾರೆ. ಆಗ ಇತ್ತು, ಈಗ ಹಿಂದಕ್ಕೆ ಸರಿದಿದೆ ಅಂತೀನಿ.

ಹೊತ್ತು ಇಳಿಯುತ್ತಿತ್ತು. ಬಿದಿರಿನ ಮೆಳೆಗಳ ನಡುವೆ ಒಂದು ಹಕ್ಕಿಯ ಸದ್ದೂ ಇಲ್ಲ. ನಮ್ಮ ಹಿಂದೆ ಒಂದು ಗಂಟೆ ಕೇಳತೊಡಗಿತು. ನಾವು ನಿಂತರೆ ಅದೂ ನಿಲ್ಲುತ್ತದೆ, ನಡೆದರೆ ಮತ್ತೆ ಟಣ್ ಟಣ್. ಹುಲಿಯ ಮೀಸೆ ಹಿಡಿದು ಎಳೆದವನು ನಾನು, ಹೆದರಲಿಲ್ಲ. ಆದರೆ ಹಿಂದೆ ಬರುತ್ತಿರುವುದು ನನ್ನ ಹೆಂಡತಿಯೇ ಹೌದೋ ಅಂತ ಆಗಾಗ ತಿರುಗಿ ಅವಳ ಪಾದ ನೋಡಿಕೊಳ್ಳುತ್ತಿದ್ದೆ. ಅವಳೂ ನನ್ನ ಪಾದವನ್ನೇ ನೋಡುತ್ತಿದ್ದಳು.

ಒಂದು ದೊಡ್ಡ ಮರ ಬಂತು. ಬುಡದಲ್ಲಿ ಕುಂಕುಮ ಬಳಿದ ಕಲ್ಲು. ಗಂಟೆ ಈಗ ತೀರಾ ಹತ್ತಿರ, ಮೆಳೆಯ ಆಚೆಗೇ. ಯಾರೋ ಪೂಜೆ ಮಾಡುತ್ತಿದ್ದಾರೆ, ಕಣ್ಣಿಗೆ ಕಾಣುವವರಲ್ಲ ಅಂತ ನನಗೆ ಹೊಳೆದುಬಿಟ್ಟಿತು. ಇಬ್ಬರೂ ಕಣ್ಣು ಮುಚ್ಚಿ ಕೈ ಮುಗಿದು ನಿಂತೆವು. ತಲೆಯ ಮೇಲೆ ಒಂದು ಹನಿ ಬಿತ್ತು. ಮೈ ಜುಂ ಅಂತು. ಎರಡನೆಯದು ಬಿತ್ತು. ಮೂರನೆಯದೂ ಬಿತ್ತು. ಅಜ್ಜಿಯ ಹರಕೆ ತೀರಿತು ಅಂದುಕೊಳ್ಳುವಷ್ಟರಲ್ಲಿ ತೀರ್ಥ ನಿಲ್ಲದೆ ಸುರಿಯತೊಡಗಿತು. ಬೆಚ್ಚಗಿತ್ತು.

ಮೇಲೆ ನೋಡಿದರೆ ಕೊಂಬೆಯಲ್ಲಿ ಕರಿಮೂತಿಯ ಕೋತಿ, ದೊಡ್ಡ ಮುಸುವ. ಮೆಳೆಯಿಂದ ಯಾರದೋ ತಪ್ಪಿಸಿಕೊಂಡ ಮುದಿ ಎತ್ತು, ಕೊರಳ ಗಂಟೆ ಸಮೇತ, ಮುಖ ಹೊರಗೆ ಹಾಕಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಇದ್ನ ಅಜ್ಜೀಗೆ ಏಳ್ಬೇಡಿ” ಅಂದಳು. ಮದುವೆಯಾದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

೩. ಮಾಡಿನ ಮೇಲಿನ ದಾರಿ

ಬೆಳಕು ಹರಿಯುವಾಗ ಸಮುದ್ರ ಸಿಕ್ಕಿತು. ದಡದಲ್ಲಿ ಒಂದು ತೆಪ್ಪ, ಅದರಲ್ಲಿ ಒಬ್ಬ ಮುದುಕ, ಅವನಾಡುವುದು ನನಗೆ ಒಂದಕ್ಷರವೂ ತಿಳಿಯದು. ಆಚೆ ಅಂತ ಕೈ ತೋರಿಸಿದೆ, ಹತ್ತಿಸಿಕೊಂಡ.

ಬೇಸಿಗೆಯಲ್ಲಿ ಮಂಜು ಎಲ್ಲಿಂದ ಬಂತೋ, ಹಿಂದಿನ ದಡವೂ ಇಲ್ಲ, ಮುಂದಿನ ದಡವೂ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಮುದುಕ ಹುಟ್ಟು ಹಾಕುವುದನ್ನು ನಿಲ್ಲಿಸಿ ಕೆಳಗೆ ನೋಡು ಅಂತ ಸನ್ನೆ ಮಾಡಿದ. ನೋಡಿದೆವು. ನೀರಿನೊಳಗೆ ಗೋಡೆ. ಗೋಡೆಗೆ ಒಂದು ಬಾಗಿಲು, ಮುಂದೆ ಜಗಲಿ. ಒಂದು ಇಡೀ ಬೀದಿ ನಮ್ಮ ಕೆಳಗೆ ಮಲಗಿತ್ತು. ಬಗ್ಗಿ ನೋಡುತ್ತಿದ್ದ ನನ್ನವಳ ನೆರಳು ನೀರಿನಲ್ಲಿ ಬಿದ್ದಿತ್ತು. ಅವಳು ಹಿಂದಕ್ಕೆ ಸರಿದಳು. ನೆರಳು ಮಾತ್ರ ಸ್ವಲ್ಪ ಹೊತ್ತು ಹಾಗೇ ನನ್ನನ್ನು ನೋಡುತ್ತಿತ್ತು. ನೀವು ನಂಬಿ, ಬಿಡಿ, ಕಂಡವನು ನಾನು.

ಅವಳು ಮೆಲ್ಲಗೆ ತಲೆಯ ಮೇಲೆ ಸೆರಗು ಹೊದ್ದಳು. ಯಾಕೆ ಅಂದೆ. ಕೆಳಗೆ ಹಿರಿಯರು ಇರಬಹುದು ಅಂದಳು.

ನನಗೋ ತೆಪ್ಪ ಹತ್ತಿದಾಗಿನಿಂದ ಒಂದಕ್ಕೆ ಅವಸರ. ಯಾರ ಮನೆಯ ಮಾಡೋ ಏನೋ, ನಾವೂ ಮುಸುವಗಳಾಗುವುದು ಬೇಡ ಅಂತ ಆಚೆ ದಡದವರೆಗೂ ತಡೆದುಕೊಂಡೆ.

೪. ಸಮುದ್ರದ ಸ್ವಾಮಿಗಳು

ಆ ದಡ ಸೇರುವ ಮುಂಚೆಯೇ ನಡೆದದ್ದು ಇದು. ಮಂಜಿನೊಳಗಿಂದ ಒಂದು ಕಲ್ಲಿನ ಬಸವ ನೀರಿನ ಮೇಲೆ ತಲೆ ಎತ್ತಿತು, ಕೊರಳವರೆಗೆ ಮಾತ್ರ. ಅದರ ಪಕ್ಕದಲ್ಲಿ, ನಟ್ಟನಡು ನೀರಿನಲ್ಲಿ, ಒಬ್ಬರು ನಿಂತಿದ್ದರು. ಸೊಂಟದವರೆಗೆ ನೀರು, ಎದೆಯವರೆಗೆ ಗಡ್ಡ. ಹೆಗಲ ಮೇಲೆ ಬಲೆಯ ಹಾಗೆ ತೂತು ತೂತು ಶಾಲು. ಕಾಲು ಯಾವುದರ ಮೇಲಿತ್ತೋ ಶಿವನಿಗೇ ಗೊತ್ತು.

ನಾನು ಉದ್ದುದ್ದ ಅಡ್ಡ ಬಿದ್ದೆ, ತೆಪ್ಪ ಮಗುಚುವುದರಲ್ಲಿತ್ತು. ಎದ್ದು ಇಬ್ಬರೂ ಬೊಗಸೆ ಒಡ್ಡಿದೆವು. ಸ್ವಾಮಿಗಳು ನಮ್ಮನ್ನೇ ಸ್ವಲ್ಪ ಹೊತ್ತು ನೋಡಿ, ಕರಟದಲ್ಲಿ ನೀರು ಮೊಗೆದು ಹುಯ್ದರು. ಅವರ ಕೈ ನನ್ನ ಕೈಗೆ ತಾಗಿತು, ಹೆಣದಷ್ಟು ತಣ್ಣಗೆ. ಮೈಯಿಂದ ಮೀನಿನ ವಾಸನೆ. ಸಮುದ್ರದ ಸ್ವಾಮಿಗಳಲ್ಲವೇ, ಮತ್ತೇನು ವಾಸನೆ ಬರುತ್ತದೆ. ಹುಯ್ದು, “ಪೋದುಮಾ” ಅಂತ ಮಂತ್ರ ಹೇಳಿದರು. ನಾನು ಬೊಗಸೆ ತೆಗೆಯಲಿಲ್ಲ. ಎರಡನೇ ಸಲ ಹುಯ್ದು ಮತ್ತೆ ಅದೇ ಮಂತ್ರ. ಮೂರನೇ ಸಲ ಮಂತ್ರ ಸ್ವಲ್ಪ ಜೋರಾಯಿತು. ಆಗ ನನ್ನವಳು ತಲೆ ಎತ್ತಿ, ಸ್ವಾಮಿಗಳ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, “ಪೋದುಂ” ಅಂದಳು. ಮಂತ್ರಕ್ಕೆ ಮಾರುತ್ತರ ಕೊಡುವಷ್ಟು ತಿಳಿದವಳು ಅವಳು. ಸ್ವಾಮಿಗಳು ನಕ್ಕರು. ತೆಪ್ಪ ಮುಂದಕ್ಕೆ ಹೋಯಿತು. ತಿರುಗಿ ನೋಡಿದರೆ ಬಸವನೂ ಇಲ್ಲ, ಅವರೂ ಇಲ್ಲ.

ಕೊಳ್ಳೇಗಾಲಕ್ಕೆ ಬಂದಾಗ ಅಜ್ಜಿ ನನ್ನನ್ನು ಕೇಳಲೇ ಇಲ್ಲ. ಮೊಮ್ಮಗಳನ್ನು ಒಳಗೆ ಕರೆದು ಕೇಳಿದಳು. “ಆಯ್ತು ಅಜ್ಜಿ, ಪರದೇಸದಲ್ಲೇ ಆಯ್ತು” ಅನ್ನುವುದು ಹೊರಗೆ ನಿಂತ ನನಗೆ ಕೇಳಿಸಿತು. ಆಮೇಲೆ ಅವಳೇ ಬಂದು ಗಾಡಿ ಹತ್ತಿದಳು.

ಇಷ್ಟು ಹೇಳಿ ಮುಗಿಸಿದೆ. ಮಾರ್ಟಳ್ಳಿ ಮೇಸ್ತ್ರಿ ಟೀ ಲೋಟ ಕೆಳಗಿಟ್ಟು, ಆ ಮಂತ್ರ ಇನ್ನೊಂದು ಸಲ ಹೇಳಿ ಅಂದ. ಹೇಳಿದೆ.

“ತಾತ, ಅದು ಮಂತ್ರ ಅಲ್ಲ. ನಮ್ ತಮಿಳಲ್ಲಿ ಪೋದುಮಾ ಅಂದ್ರೆ ಸಾಕಾ ಅಂತ. ನೀವು ಓಗಿದ್ದು ಮೆಟ್ಟೂರು ಡ್ಯಾಮಿನ ನೀರಿಗೆ. ಬೇಸಿಗೇಲಿ ನೀರು ಇಳಿದ್ರೆ ಮುಳುಗಿದ ಗುಡಿ ಬಸವ ಕಾಣ್ತದೆ, ಮೀನು ಇಡಿಯೋರು ಗುಡಿ ಗೋಡೆ ಮೇಲೆ ನಿಂತ್ಕತಾರೆ. ಪಾಪ, ನಿಮಗೆ ಬಾಯಾರ್ಕೆ ಅಂತ ನೀರು ಉಯ್ದವ್ನೆ.”

ಅಂಗಡಿಯೆಲ್ಲ ನಕ್ಕಿತು. ಟೀ ಸೋಸುತ್ತಿದ್ದವನು ಬಟ್ಟೆ ಕೈಬಿಟ್ಟ. ನಗು ಇಳಿದ ಮೇಲೆ ಮೇಸ್ತ್ರಿಯೇ ಮೆಲ್ಲಗೆ ಕೇಳಿದ, ನಿಮ್ಮನೆಯೋರು ಅದಕ್ಕೆ ಏನೋ ಅಂದ್ರು ಅಂದ್ರಲ್ಲ ಅಂತ.

“ಪೋದುಂ ಅಂದ್ಲು ಕಣ್ಲಾ.”

“ಅಂಗಾದ್ರೆ ಅವ್ರಿಗೆ ಎಲ್ಲಾ ಗೊತ್ತಿತ್ತು ತಾತ. ಮದ್ರಾಸು ಕಾಲದ ಕೊಳ್ಳೇಗಾಲದೋರು, ತಮಿಳು ಬಾರದೆ ಇರ್ತದಾ? ಸಾಕು ಅಂದವ್ರೆ.”

ಎಲ್ಲರೂ ನನ್ನ ಮುಖ ನೋಡಿದರು. ನಾನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡೆ.

“ಅವ್ಳೇ ಸಾಕು ಅಂದ್ಮೇಲೆ ನಿಂದೇನ್ಲಾ,” ಅಂದೆ.