ಹೊರಡದೇ ಹೋದ ಲಾರಿ

ನಿಜವಾದ ಲಾರಿಗಳಿಗೆ ನಾನು ಹೆದರುವವನಲ್ಲ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ರಸ್ತೆಗಳಲ್ಲಿ ಸ್ಕೂಟರ್ ಓಡಿಸಿಕೊಂಡು ಕಾಲೇಜಿಗೆ ಪಾಠ ಹೇಳಲು ಹೋಗುವ ಯಾವ ಮೇಷ್ಟರಿಗೂ ಆ ಭಯ ಉಳಿದಿರುವುದಿಲ್ಲ. ಇವತ್ತಿಗೂ ಊಟದ ನಡುವೆ ನನ್ನನ್ನು ಬೆಚ್ಚಿಬೀಳಿಸುವುದು, ಹೊರಡದೇ ಇದ್ದ ಒಂದು ಲಾರಿ.

ಅದನ್ನು ಹೊರಡಿಸಿದವನು ನಮ್ಮ ಮನೆಯಲ್ಲೇ ಇರುವ ಬಾಮೈದ ಮಹೇಶ. ಇಲ್ಲಿನ ಮಾವಿನ ಮಂಡಿಯೊಂದಕ್ಕೆ ಅವನು ಪ್ರೋಗ್ರಾಮ್ ಬರೆಯುತ್ತಿದ್ದ. ಮಂಡಿಯಿಂದ ಲಾರಿ ಹೊರಟ ಸುದ್ದಿ ಮುಟ್ಟಿದ ಕೂಡಲೇ ಅದು ತೋಟದವರ ಫೋನಿಗೆ ಲಾರಿ ನಂಬರಿನ ಸಮೇತ 'ಲಾರಿ ಹೊರಟಿದೆ, ಕಾಯಿ ಇಳಿಸಿ' ಎಂದು ಮೆಸೇಜ್ ಕಳಿಸಬೇಕು. ಸುದ್ದಿ ಬರುವತನಕ ಸುಮ್ಮನೆ ಬಿದ್ದಿರುತ್ತದೆ, ಬಂದರೆ ಎದ್ದು ಕೆಲಸ ಮಾಡುತ್ತದೆ. ಇದರಲ್ಲಿ ಮೊದಲರ್ಧ ನನಗೂ ಒಪ್ಪುತ್ತದೆ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಹಾಗಾದರೆ ಪರೀಕ್ಷೆಗೆ ಒಂದು ಲಾರಿ ಬೇಕಲ್ಲೋ ಎಂದೆ. "ಯಾಕೆ ಭಾವ? ಸುಳ್ಳು ಸುದ್ದಿ ಸಾಕು. ಇಲ್ಲೇ ಲ್ಯಾಪ್‌ಟಾಪಲ್ಲಿ ಒಂದು ಕಮಾಂಡ್ ಹೊಡೀತೀನಿ, ಲಾರಿ ಹೊರಡ್ತು ಅಂತ ಅದು ನಂಬ್ಕೊಳ್ಳುತ್ತೆ. ಮೆಸೇಜು ಈ ಸ್ಕ್ರೀನ್ ದಾಟಿ ಹೋಗಲ್ಲ" ಎಂದು ಊಟದ ಮೇಜಿನ ಮೇಲೆ ಕಪ್ಪು ಪರದೆ ತೆರೆದು ಕೂತ. ಆ ಸುಳ್ಳಿಗೂ ಒಬ್ಬ ತೋಟದವರ ಹೆಸರು, ಫೋನ್ ನಂಬರು ಬೇಕಿತ್ತು. ಬೇರೆಯವನಾಗಿದ್ದರೆ ಕೈಗೆ ಬಂದ ಅಂಕಿ ಒತ್ತುತ್ತಿದ್ದ. ಇವನು ಮಂಡಿಯ ಗಾಳಿ ಕುಡಿದು ಬೆಳೆದವನು. "ಬೋಣಿ ಅಪ್ಪನ ಹೆಸ್ರಲ್ಲೇ ಆಗ್ಲಿ" ಎಂದು, ಗೌನಿಪಲ್ಲಿಯಲ್ಲಿ ತೋಟವಿರುವ ನಮ್ಮ ಮಾವನವರ ಹೆಸರು, ನಂಬರು ಹಾಕಿ, ಪರದೆಗೆ ಕೈಮುಗಿದು ಎಂಟರ್ ಒತ್ತಿದ.

ಮರುಗಳಿಗೆ ನನ್ನ ಫೋನು ಹೊಡೆದುಕೊಂಡಿತು.

"ಏನ್ ಅಳಿಯಂದ್ರೇ, ಲಾರಿ ಹೊರಟೈತಂತೆ! ಕಾಯಿ ಇನ್ನೂ ಬಲ್ತಿಲ್ಲ ಅಂದ್ಕೊಂಡಿದ್ದೆ. ಮಂಡಿಯೋರಿಗೆ ಗೊತ್ತಿರಲ್ವಾ? ಆಳುಗಳ್ನ ಮರ ಹತ್ತಿಸ್ದೆ."

ಮಹೇಶನ ಮುಖ ಬಿಳಿಚಿತು. ಲಾರಿ ಸುಳ್ಳು, ಮೆಸೇಜ್ ಕಳಿಸುವ ಭಾಗ ಮಾತ್ರ ಅಸಲಿಯದು. ಅದನ್ನು ಬಿಡಿಸಿಡಲು ಮರೆತಿದ್ದ. ಬಲಿಯದ ಬಾದಾಮಿ ಮಾವು ಕಿತ್ತರೆ ಹಣ್ಣಾಗುವುದಿಲ್ಲ, ಸುಕ್ಕುಗಟ್ಟುತ್ತದೆ. ವರ್ಷದ ಬೆಳೆಯೆಲ್ಲ ಉಪ್ಪಿನಕಾಯಿ ಜಾಡಿಗೆ.

"ಮಾವ, ಇಳಿಸ್ಬೇಡಿ! ಲಾರಿ ಸುಳ್ಳು!"

"ಏಮಂಡೀ ಅಳಿಯಂದ್ರೇ, ಸುಳ್ಳು ಲಾರಿಗೆ ನಂಬರ್ ಇರ್ತದಾ? ಮೆಸೇಜಲ್ಲೇ ಐತೆ ನೋಡ್ರಿ. ನೀವು ಕಾಲೇಜಲ್ಲಿ ಪಾಠ ಹೇಳ್ಕೊಳ್ರಿ." ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

"ಲೇ, ನೀನೇ ಹೇಳೋ!"

"ನಾನು ಹೇಳಿದ್ರೆ ಹಲ್ಲು ಉದುರಿಸ್ತಾರೆ ಭಾವ" ಎನ್ನುತ್ತಲೇ ಮಹೇಶ ಇನ್ನೊಂದು ಸುಳ್ಳು ಟೈಪಿಸಿದ: ಲಾರಿ ವಾಪಸ್ ಹೋಗಿದೆ. ಎಂಟರ್. ಮಾವನವರದೇ ಫೋನ್ ಬಂತು. "ಲಾರಿ ವಾಪಸ್ ಹೋಯ್ತಂತೆ ಕಣ್ರೀ, ಈಗ ಮೆಸೇಜ್ ಬಂತು. ಆಳುಗಳ್ನ ಇಳಿಸ್ದೆ." ಅಷ್ಟರಲ್ಲಿ ಒಂದು ಮರ ಬೋಳಾಗಿತ್ತು. ನನ್ನ ಸತ್ಯಕ್ಕೆ ಇಳಿಯದ ಆಳುಗಳು ಮಹೇಶನ ಸುಳ್ಳಿಗೆ ಸರಸರ ಇಳಿದಿದ್ದರು.

ಮಹೇಶ ಆಮೇಲೆ ಎಲ್ಲವನ್ನೂ ಸರಿಪಡಿಸಿದ. ಸರಿಹೋಗದವನು ನಾನು. ಕಾಯಿ ಬಲಿತ ಮೇಲೆ ಮಾವನವರು ಫೋನ್ ಮಾಡಿ "ಲಾರಿ ಹೊರಟೈತಂತೆ" ಎಂದದ್ದೇ ತಡ, "ಹತ್ತಿಸ್ಬೇಡಿ ಮಾವ!" ಎಂದು ಕಿರುಚಿದೆ. ಹಿಂದಿನ ಸಲ ನಂಬದ ಪಶ್ಚಾತ್ತಾಪಕ್ಕೆ ಈ ಸಲ ಅವರು ನಂಬಿಬಿಟ್ಟರು. ತೋಟದ ಮುಂದೆ ಅಸಲಿ ಲಾರಿ ಹಾರ್ನ್ ಹೊಡೆದು ಹೊಡೆದು, ಖಾಲಿಯೇ ಹಿಂತಿರುಗಿತು.

"ಲಾರಿ ಹೊರಟಾಗ ಅಳಿಯನ ಫೋನು ನಂಗೆ ಬರದಂಗೆ ಮಾಡೋಕಾಗ್ತದೇನ್ಲಾ?" ಎಂದು ಮಾವನವರು ಮಗನನ್ನು ಕೇಳಿದರಂತೆ. ಪ್ರೋಗ್ರಾಮ್ ಬರೆದಾಗಿದೆ ಭಾವ, ಇನ್ನೂ ಪರೀಕ್ಷೆ ಮಾಡ್ತಿದೀನಿ ಎನ್ನುತ್ತಾನೆ ಮಹೇಶ. ನಿನ್ನೆಯಿಂದ ಮಾವನವರ ಫೋನ್ ನನಗೆ ಸಿಗುತ್ತಿಲ್ಲ.